‘ನೆಟ್ ಬರುತ್ತಾ?’ ಅಂತ ಕೇಳಿದರೆ ಸಾಲದು: ಯಾವ ನೆಟ್, ಯಾವ ಬ್ಯಾಂಡ್, ತೋಟದ ಯಾವ ಜಾಗದಲ್ಲಿ?

ಕಡೂರು, ತರೀಕೆರೆ, ಅಜ್ಜಂಪುರ ಕಡೆ ಬೋರ್‌ವೆಲ್ ಕೊರೆಸುವ ಮುಂಚೆ ನಾವು ಎಷ್ಟೆಲ್ಲ ವಿಚಾರಿಸ್ತೀವಿ ನೋಡಿ. ಪಾಯಿಂಟ್ ಮಾಡಿಸ್ತೀವಿ. ಪಕ್ಕದ ತೋಟದವರಿಗೆ ಎಷ್ಟು ಅಡಿಗೆ ನೀರು ಬಂತು, ಎಷ್ಟು ಇಂಚು ಬಂತು, ಕೇಸಿಂಗ್ ಎಷ್ಟು ಹೋಯ್ತು ಅಂತ ಕೇಳ್ತೀವಿ. ಮೋಟರ್ ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್ ಅಂತ ನಾಲ್ಕು ಅಂಗಡಿ ಸುತ್ತುತ್ತೀವಿ. ಆದರೆ ಸಿಮ್, ಫೋನ್, ಮೊಬೈಲ್ ಸ್ಟಾರ್ಟರ್ ತಗೊಳ್ಳುವಾಗ ನಮ್ಮ ಬಾಯಲ್ಲಿ ಬರೋದು ಒಂದೇ ಪ್ರಶ್ನೆ: ‘ನೆಟ್ ಬರುತ್ತಾ?’ ಅಂಗಡಿಯವರ ಉತ್ತರವೂ ಒಂದೇ: ‘ಬರುತ್ತೆ ಅಣ್ಣ, ಫುಲ್ ಬರುತ್ತೆ.’

ಹತ್ತು ವರ್ಷದ ಹಿಂದೆ ಇಷ್ಟು ಕೇಳಿದರೆ ಸಾಕಿತ್ತು. ಆಗ ಫೋನ್ ಇದ್ದದ್ದು ಮಾತಿಗೆ. ಈಗ ಹಾಗಿಲ್ಲ. ಮೋಟರ್ ಆನ್ ಆಗೋದು ಸಿಮ್‌ನಿಂದ. ಬೆಳೆ ಸಮೀಕ್ಷೆ ಆಗೋದು ಆ್ಯಪ್‌ನಲ್ಲಿ. ರಾಗಿ, ಕೊಬ್ಬರಿ ಬೆಂಬಲ ಬೆಲೆಗೆ ಕೊಡಬೇಕಾದರೆ ಫ್ರೂಟ್ಸ್ ಐಡಿ, ಆನ್‌ಲೈನ್ ನೋಂದಣಿ. ಪಿಎಂ ಕಿಸಾನ್‌ಗೆ ಇ-ಕೆವೈಸಿ, ಅದಕ್ಕೊಂದು ಓಟಿಪಿ. ನೆಟ್ ಕೈಕೊಟ್ಟರೆ ನಷ್ಟ ಆಗೋದು ರೀಲ್ಸ್ ನೋಡೋರಿಗೆ ಮಾತ್ರ ಅಲ್ಲ, ನೀರಿಲ್ಲದೆ ಒಣಗೋ ಗಿಡಕ್ಕೂ ಹೌದು, ಕೈಗೆ ಬಾರದ ವಿಮೆ ಹಣಕ್ಕೂ ಹೌದು.

ಅದಕ್ಕೇ ನನ್ನ ಅಭಿಪ್ರಾಯ ಇದು. ಯುವ ರೈತರು ನೆಟ್‌ವರ್ಕ್ ಅನ್ನೋದನ್ನ ಕಂಪನಿಯವರ ವಿಚಾರ ಅಂತ ಬಿಡಬಾರದು. ಮಣ್ಣು ಪರೀಕ್ಷೆ ಹೇಗೋ ಇದೂ ಹಾಗೆ, ನಾವೇ ತಿಳ್ಕೊಂಡು ನಾವೇ ಅಳತೆ ಮಾಡಬೇಕು. ಮೂರು ಪ್ರಶ್ನೆ ಕೇಳೋಕೆ ಬಂದರೆ ಸಾಕು. ಯಾವ ಜಿ? ಯಾವ ಬ್ಯಾಂಡ್? ಜಮೀನಿನ ಯಾವ ಜಾಗದಲ್ಲಿ?

ಡೊಳ್ಳು ದೂರಕ್ಕೆ, ತಾಳ ಹತ್ತಿರಕ್ಕೆ

ಮೊದಲು ಬ್ಯಾಂಡ್ ವಿಚಾರ. ಟವರ್ ಮತ್ತು ಫೋನ್ ಮಾತಾಡಿಕೊಳ್ಳೋದು ರೇಡಿಯೋ ತರಂಗದಲ್ಲಿ. ಈ ತರಂಗ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತೆ ಅನ್ನೋದೇ ಆವರ್ತನ, ಅದನ್ನ ಮೆಗಾಹರ್ಟ್ಸ್ ಲೆಕ್ಕದಲ್ಲಿ ಹೇಳ್ತಾರೆ. ನಮ್ಮ ದೇಶದಲ್ಲಿ ಮೊಬೈಲ್‌ಗೆ 700, 850, 900, 1800, 2100, 2300, 2500, 3300 ಹೀಗೆ ಬೇರೆ ಬೇರೆ ಬ್ಯಾಂಡ್‌ಗಳಿವೆ.

ಊರ ಜಾತ್ರೆ ನೆನಪು ಮಾಡ್ಕೊಳ್ಳಿ. ಡೊಳ್ಳಿನ ಸದ್ದು ಪಕ್ಕದ ಊರಿಗೂ ಕೇಳುತ್ತೆ. ಅದರ ಜೊತೇಲೇ ಬಾರಿಸುವ ತಾಳದ ಸದ್ದು ಊರ ಬಾಗಿಲು ದಾಟೋದರೊಳಗೆ ಅಡಗುತ್ತೆ. ರೇಡಿಯೋ ತರಂಗವೂ ಹೆಚ್ಚುಕಮ್ಮಿ ಹಾಗೇ. 700, 850, 900 ಇವೆಲ್ಲ ಡೊಳ್ಳು ಇದ್ದಂಗೆ: ದೂರ ಹೋಗುತ್ತೆ, ಗೋಡೆ, ಮರ, ಸಣ್ಣ ದಿಬ್ಬ ಇದ್ದರೂ ತಕ್ಕಮಟ್ಟಿಗೆ ನುಗ್ಗುತ್ತೆ. 2300, 3300 ಇವೆಲ್ಲ ತಾಳ ಇದ್ದಂಗೆ: ಹತ್ತಿರ ಇದ್ದರೆ ಭಾರಿ ಸ್ಪೀಡು, ದೂರ ಆದಂಗೆ ಕ್ಷೀಣ. ಮೇಲಿನ ಬ್ಯಾಂಡ್‌ಗಳಲ್ಲಿ ಕಂಪನಿಗಳಿಗೆ ಹೆಚ್ಚು ಅಗಲದ ಜಾಗ ಸಿಗುತ್ತೆ, ಅದಕ್ಕೇ ಡೇಟಾ ಹೆಚ್ಚು ಹರಿಯುತ್ತೆ. ದೂರ ಮಾತ್ರ ಹೋಗಲ್ಲ.

ಈಗ ನಮ್ಮ ಮೂರು ತಾಲ್ಲೂಕು ನೋಡಿ. ಯಗಟಿ, ಪಂಚನಹಳ್ಳಿ ಕಡೆ ಬಯಲು. ಅಜ್ಜಂಪುರ, ಶಿವನಿ ಕಡೆ ಎರೆ ಹೊಲ, ಕಣ್ಣು ಹಾಯಿಸಿದಷ್ಟು ದೂರ ಅಡ್ಡ ಏನೂ ಇಲ್ಲ. ಅದೇ ಲಿಂಗದಹಳ್ಳಿ, ಲಕ್ಕವಳ್ಳಿ ಕಡೆ ಬಂದರೆ ಗುಡ್ಡ, ಕಾಡು, ತಗ್ಗಿನಲ್ಲಿ ಅಡಿಕೆ ತೋಟ. ಬಯಲಲ್ಲಿ 1800ರ ಬ್ಯಾಂಡ್ ಚೆನ್ನಾಗೇ ಕೆಲಸ ಮಾಡಬಹುದು. ಒತ್ತಾಗಿ ಬೆಳೆದ ಅಡಿಕೆ ತೋಟದ ನಡುವೆ, ಅದರಲ್ಲೂ ಮಳೆಗಾಲದಲ್ಲಿ ಸೋಗೆಯೆಲ್ಲ ನೆಂದಿರುವಾಗ, ಮೇಲಿನ ಬ್ಯಾಂಡ್‌ನ ತರಂಗವನ್ನ ಆ ಹಸಿ ಎಲೆಗಳೇ ನುಂಗಿಬಿಡುತ್ತವೆ. ಬೇಸಿಗೆಯಲ್ಲಿ ಬರ್ತಿದ್ದ ನೆಟ್ ಆಷಾಢದಲ್ಲಿ ಯಾಕೆ ಬರಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ.

ಹಾಗಾಗಿ ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋದರ ಜೊತೆ ಬ್ಯಾಂಡ್ ಪಟ್ಟಿಯನ್ನೂ ನೋಡಿ. ಡಬ್ಬಿಯ ಮೇಲೆ ಅಥವಾ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತೆ. 4ಜಿಯಲ್ಲಿ ಬ್ಯಾಂಡ್ 28 ಅಂದರೆ 700, ಬ್ಯಾಂಡ್ 5 ಅಂದರೆ 850, ಬ್ಯಾಂಡ್ 8 ಅಂದರೆ 900. ಬ್ಯಾಂಡ್ 3 ಅಂದರೆ 1800, ಬ್ಯಾಂಡ್ 1 ಅಂದರೆ 2100, ಬ್ಯಾಂಡ್ 40 ಅಂದರೆ 2300. ಬಿಎಸ್‌ಎನ್‌ಎಲ್ ತನ್ನ 4ಜಿಗೆ 700ರ ಬ್ಯಾಂಡನ್ನೂ ಬಳಸುತ್ತೆ. ಕೆಲವು ಹಳೇ ಫೋನ್‌ಗಳಲ್ಲಿ ಬ್ಯಾಂಡ್ 28 ಇಲ್ಲ. ಟವರ್‌ನಲ್ಲಿ ಆ ಸಿಗ್ನಲ್ ಇದ್ದರೂ ಅಂಥ ಫೋನ್‌ಗೆ ಅದು ಕೇಳಿಸೋದೇ ಇಲ್ಲ. ಆಮೇಲೆ ನಾವು ಸಿಮ್ ಬೈಕೊಂಡು ತಿರುಗ್ತೀವಿ.

2ಜಿಯಿಂದ 5ಜಿವರೆಗೆ: ನಮಗೆ ಎಷ್ಟು ಬೇಕು?

ಭಾರತದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. ಆಮೇಲೆ ದೇಶದ ತುಂಬ ಹರಡಿದ್ದು 2ಜಿ. ಅದು ಮಾತಿಗೆ ಮತ್ತು ಎಸ್‌ಎಂಎಸ್‌ಗೆ ಅಂತ ಮಾಡಿದ್ದು. ಡೇಟಾವನ್ನ ಆಮೇಲೆ ಅದರೊಳಗೆ ತುರುಕಿದರು. ಫೋನ್ ಮೇಲೆ ‘ಇ’ ಅಂತ ಕಂಡರೆ ಅದೇ ಹಳೇ 2ಜಿ ಡೇಟಾ. 3ಜಿ ಬಂತು, ಹೋಯ್ತು. 4ಜಿ ಬೇರೆ ಥರ: ಅದು ಹುಟ್ಟಿನಿಂದಲೇ ಡೇಟಾದ ರಸ್ತೆ. ಮಾತು ಕೂಡ ಅದರಲ್ಲಿ ಡೇಟಾ ಆಗೇ ಹೋಗುತ್ತೆ, ಅದನ್ನೇ ವೋಲ್ಟಿ ಅನ್ನೋದು. 2016ರ ಸೆಪ್ಟೆಂಬರ್ 5ರಂದು ಶುರುವಾದ ಜಿಯೋ ಬರೀ 4ಜಿ ಮೇಲೇ ನಿಂತಿತು. ಅದಕ್ಕೆ 2ಜಿಯೂ ಇಲ್ಲ, 3ಜಿಯೂ ಇಲ್ಲ. 5ಜಿ ನಮ್ಮ ದೇಶದಲ್ಲಿ ಶುರುವಾದದ್ದು 2022ರ ಅಕ್ಟೋಬರ್ 1ರಂದು.

5ಜಿ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಹೊಲದ ಕೆಲಸಕ್ಕೆ ಅಂತ ಸಾಲ ಮಾಡಿ 5ಜಿ ಫೋನ್ ತಗೊಳ್ಳೋರನ್ನ ನೋಡಿದರೆ ಬೇಜಾರಾಗುತ್ತೆ. ಲೆಕ್ಕ ಹಾಕಿ. ಬೆಳೆ ಸಮೀಕ್ಷೆಯ ಒಂದು ಫೋಟೋ 2 ಎಂಬಿ ಅಂತ ಇಟ್ಕೊಳ್ಳಿ. ಸ್ಪೀಡನ್ನ ಎಂಬಿಪಿಎಸ್‌ನಲ್ಲಿ ಹೇಳ್ತಾರಲ್ಲ, ಅದು ಮೆಗಾಬಿಟ್, ಮೆಗಾಬೈಟ್ ಅಲ್ಲ. ಒಂದು ಬೈಟ್‌ಗೆ ಎಂಟು ಬಿಟ್. ಅಂದರೆ 2 ಎಂಬಿ ಫೋಟೋ 16 ಮೆಗಾಬಿಟ್. ಅಪ್‌ಲೋಡ್ ಸ್ಪೀಡ್ 1 ಎಂಬಿಪಿಎಸ್ ಇದ್ದರೂ 16 ಸೆಕೆಂಡಿಗೆ ಕೆಲಸ ಮುಗೀತು. ಮಾರುಕಟ್ಟೆ ಧಾರಣೆ ನೋಡೋಕೆ, ಹವಾಮಾನದ ಮೇಘದೂತ್ ಆ್ಯಪ್ ತೆರೆಯೋಕೆ, ಒಂದು ಓಟಿಪಿ ಬರೋಕೆ ಇದಕ್ಕಿಂತ ಕಮ್ಮಿ ಸಾಕು. ನಮಗೆ ಬೇಕಾದ್ದು ಸೆಕೆಂಡಿಗೆ 300 ಎಂಬಿಪಿಎಸ್ ಅಲ್ಲ. ಬೇಕಾದ್ದು ಹೊಲದ ಮೂಲೆಯಲ್ಲೂ, ಕರೆಂಟ್ ಹೋದಾಗಲೂ, ಮಳೆ ಬರುವಾಗಲೂ ನಿಲ್ಲದ 1 ಎಂಬಿಪಿಎಸ್. ಅದನ್ನ ಕೆಳ ಬ್ಯಾಂಡಿನ ಒಳ್ಳೇ 4ಜಿ ಕೊಡುತ್ತೆ. 3300ರ 5ಜಿ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಎಷ್ಟೇ ಓಡಲಿ, ಅಲ್ಲಿಂದ ದೂರದ ತೋಟಕ್ಕೆ ಅದರಿಂದ ಉಪಯೋಗ ಇಲ್ಲ.

ಕಡ್ಡಿ ಫುಲ್, ಫೋಟೋ ಹೋಗ್ತಿಲ್ಲ: ಯಾಕೆ?

ಇದು ಎಲ್ಲರ ಅನುಭವ. ವಾಟ್ಸ್ಆ್ಯಪ್ ಮೆಸೇಜ್ ಬರುತ್ತೆ, ವಿಡಿಯೋನೂ ಒಂದಿಷ್ಟು ಓಡುತ್ತೆ, ಆದರೆ ನಾವು ಕಳಿಸೋ ಫೋಟೋ ಮಾತ್ರ ಸುತ್ತುತ್ತಾ ಕೂತಿರುತ್ತೆ. ಕಾರಣ ಸುಲಭ. ಟವರ್‌ಗೆ ಶಕ್ತಿ ಜಾಸ್ತಿ, ಹತ್ತಾರು ವ್ಯಾಟ್‌ನಲ್ಲಿ ಕೂಗಿ ಹೇಳುತ್ತೆ. ನಮ್ಮ 4ಜಿ ಫೋನ್ ಕಳಿಸೋದು ಹೆಚ್ಚೆಂದರೆ 200 ಮಿಲಿವ್ಯಾಟ್, ಅಂದರೆ ಒಂದು ವ್ಯಾಟ್‌ನ ಐದನೇ ಒಂದು ಭಾಗ. ಟವರ್ ಕೂಗೋದು ನಮಗೆ ಕೇಳುತ್ತೆ, ನಾವು ಪಿಸುಗುಡೋದು ಅದಕ್ಕೆ ಕೇಳಲ್ಲ. ಸಿಗ್ನಲ್ ಕಮ್ಮಿ ಇರೋ ಕಡೆ ಫೋನ್ ತನ್ನ ಪೂರ್ತಿ ಶಕ್ತಿ ಹಾಕಿ ಕೂಗ್ತಾನೇ ಇರುತ್ತೆ, ಅದಕ್ಕೇ ತೋಟದಲ್ಲಿ ಬ್ಯಾಟರಿ ಬೇಗ ಖಾಲಿಯಾಗೋದು.

ಎರಡನೇ ಕಾರಣ ಹಂಚಿಕೆ. ಒಂದು ಟವರ್‌ನ ಸಾಮರ್ಥ್ಯವನ್ನ ಅದರ ಕೆಳಗಿರೋ ಎಲ್ಲರೂ ಹಂಚ್ಕೋಬೇಕು. ಭದ್ರಾ ನಾಲೆಯ ಕೊನೇ ಭಾಗದ ರೈತರ ಗೋಳು ನಮಗೆ ಗೊತ್ತಿರೋದೇ. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ ಅಂತ ಪೇಪರ್‌ನಲ್ಲಿ ಬಂದಿರುತ್ತೆ, ಇವರ ಗದ್ದೆಗೆ ಮಾತ್ರ ಮುಟ್ಟಿರಲ್ಲ. ಸಂಜೆ ಏಳರಿಂದ ಹತ್ತರವರೆಗೆ ಊರೆಲ್ಲ ಮೊಬೈಲ್ ಹಿಡ್ಕೊಂಡು ಕೂತಾಗ ಟವರ್‌ನ ಅಂಚಿನಲ್ಲಿರೋ ಮನೆಗಳ ಪಾಡೂ ಅದೇ. ಕಡ್ಡಿ ತೋರಿಸೋದು ನಾಲೆ ಇದೆ ಅಂತ ಮಾತ್ರ, ನೀರು ಎಷ್ಟು ಬರುತ್ತೆ ಅಂತ ಅಲ್ಲ.

ಮೂರನೇದು ಟವರ್‌ನ ಹಿಂದಿನ ದಾರಿ. ಟವರ್‌ನಿಂದ ಆಚೆಗೆ ಡೇಟಾ ಹೋಗೋಕೆ ಫೈಬರ್ ಬೇಕು, ಇಲ್ಲ ಮೈಕ್ರೋವೇವ್ ಕೊಂಡಿ ಬೇಕು. ರಸ್ತೆ ಅಗಲ ಮಾಡುವಾಗ ಜೆಸಿಬಿ ಫೈಬರ್ ಕಿತ್ತರೆ ಟವರ್ ನಿಂತೇ ಇರುತ್ತೆ, ಕಡ್ಡಿಯೂ ಇರುತ್ತೆ, ನೆಟ್ ಇರಲ್ಲ. ಕರೆಂಟ್ ಹೋಗಿ ಟವರ್‌ನ ಬ್ಯಾಟರಿಯೂ ಮುಗಿದರೆ ಕಡ್ಡಿಯೂ ಇರಲ್ಲ.

ಮೊಬೈಲ್ ಸ್ಟಾರ್ಟರ್: ಇಲ್ಲೇ ದುಡ್ಡು ಹೋಗೋದು

ನಾನು ಈ ಲೇಖನ ಬರೆಯೋಕೆ ಮುಖ್ಯ ಕಾರಣ ಇದು. ತ್ರೀ ಫೇಸ್ ಕರೆಂಟ್ ರಾತ್ರಿ ಯಾವಾಗ ಕೊಡ್ತಾರೋ, ಆಗ ಎದ್ದು ಹೋಗಿ ಮೋಟರ್ ಹಾಕಬೇಕು. ಹಾವು, ಚಿರತೆ, ಕರಡಿ ಭಯ ಬೇರೆ. ಅದಕ್ಕೇ ಬಹಳ ಜನ ಪ್ಯಾನೆಲ್ ಬೋರ್ಡ್‌ಗೆ ಸಿಮ್ ಇರೋ ಮೊಬೈಲ್ ಸ್ಟಾರ್ಟರ್ ಹಾಕಿಸ್ಕೊಂಡಿದ್ದಾರೆ. ಮನೆಯಿಂದ ಕರೆ ಮಾಡಿದರೆ ಮೋಟರ್ ಆನ್, ಇನ್ನೊಂದು ಬಟನ್ ಒತ್ತಿದರೆ ಆಫ್. ಕರೆಂಟ್ ಬಂದರೆ, ಫೇಸ್ ಹೋದರೆ, ನೀರಿಲ್ಲದೆ ಮೋಟರ್ ಓಡಿದರೆ ಮೆಸೇಜ್ ಬರುತ್ತೆ. ನನ್ನ ಪ್ರಕಾರ ರೈತರ ಕೈಗೆ ಬಂದ ಅತಿ ಉಪಯುಕ್ತ ವೈರ್‌ಲೆಸ್ ಸಾಧನ ಇದೇ, ಸ್ಮಾರ್ಟ್‌ಫೋನ್ ಇದರ ನಂತರ.

ಆದರೆ ಇವುಗಳಲ್ಲಿ ಬಹಳಷ್ಟು ಡಬ್ಬಿಗಳ ಒಳಗೆ ಇರೋದು 2ಜಿ ಮಾಡ್ಯೂಲ್. ಕಮ್ಮಿ ರೇಟಿಗೆ ಸಿಗೋದು ಅದೇ. ಅದಕ್ಕೆ ಜಿಯೋ ಸಿಮ್ ಹಾಕಿದರೆ ಕೆಲಸ ಮಾಡಲ್ಲ, ಯಾಕೆಂದರೆ ಜಿಯೋದಲ್ಲಿ 2ಜಿಯೇ ಇಲ್ಲ. ಉಳಿದ ಕಂಪನಿಗಳಲ್ಲಿ ಇನ್ನೂ 2ಜಿ ಇದೆ. ಎಷ್ಟು ದಿನ ಇರುತ್ತೆ ಅನ್ನೋದೇ ಪ್ರಶ್ನೆ. ಏರ್‌ಟೆಲ್ ತನ್ನ 3ಜಿ ಬಂದ್ ಮಾಡಿ ವರ್ಷಗಳಾದವು. 2ಜಿಯನ್ನೂ ನಿಲ್ಲಿಸಬೇಕು ಅಂತ ಜಿಯೋ ಬಹಿರಂಗವಾಗೇ ಕೇಳ್ತಾ ಬಂದಿದೆ. ಬೇರೆ ದೇಶಗಳಲ್ಲಿ ಇದು ಆಗಿ ಹೋಗಿದೆ: ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ 2016ರ ಡಿಸೆಂಬರ್‌ನಲ್ಲಿ, ಅಮೆರಿಕದ ಎಟಿ ಆಂಡ್ ಟಿ 2017ರ ಜನವರಿಯಲ್ಲಿ 2ಜಿ ನಿಲ್ಲಿಸಿದವು. 2024ರಲ್ಲಿ ಆಸ್ಟ್ರೇಲಿಯಾದ ಎಲ್ಲ ಕಂಪನಿಗಳೂ 3ಜಿ ಕೂಡ ಮುಚ್ಚಿದವು. 3ಜಿ ಸಿಮ್ ನಂಬಿಕೊಂಡು ನಡೀತಿದ್ದ ಸಾಧನಗಳನ್ನೆಲ್ಲ ಅಲ್ಲಿಯವರು ಬದಲಾಯಿಸಬೇಕಾಯ್ತು. ಇಲ್ಲಿಯೂ ಯಾವತ್ತೋ ಒಂದು ದಿನ ಹಾಗಾದರೆ, ಡಬ್ಬಿ ಕೆಟ್ಟಿರಲ್ಲ, ಸಿಮ್ ಕೆಟ್ಟಿರಲ್ಲ, ಮೋಟರ್ ಮಾತ್ರ ಆನ್ ಆಗಲ್ಲ.

ಅದಕ್ಕೇ ಹೊಸದಾಗಿ ಹಾಕಿಸೋರಿಗೆ ನನ್ನ ಮಾತು ಇಷ್ಟು. ಬರೀ 2ಜಿ ಇರೋ ಸ್ಟಾರ್ಟರ್ ಈಗ ಕೊಳ್ಳಬೇಡಿ. 4ಜಿ ಇರೋದು ಕೇಳಿ, 4ಜಿ ಸಿಗದಾಗ 2ಜಿಗೆ ಇಳಿಯೋ ಥರದ್ದಿದ್ದರೆ ಇನ್ನೂ ಒಳ್ಳೇದು. ‘4ಜಿ ಸಿಮ್ ಹಿಡಿಯುತ್ತೆ’ ಅನ್ನೋ ಮಾತಿಗೆ ಮೋಸ ಹೋಗಬೇಡಿ. 4ಜಿ ಸಿಮ್ 2ಜಿ ಡಬ್ಬಿಯಲ್ಲೂ ಕೂರುತ್ತೆ. ಒಳಗಿನ ಮಾಡ್ಯೂಲ್ ಯಾವುದು ಅಂತ ಬಿಲ್ಲಿನಲ್ಲಿ ಬರೆಸ್ಕೊಳ್ಳಿ.

ಈಗಾಗಲೇ 2ಜಿ ಸ್ಟಾರ್ಟರ್ ಇರೋರು ಕಿತ್ತೆಸೆಯೋದು ಬೇಡ, ಓಡೋವರೆಗೂ ಓಡಲಿ. ಆದರೆ ಮೂರು ಕೆಲಸ ಮಾಡಿ. ಒಂದು, ಆಂಟೆನಾ ಕಬ್ಬಿಣದ ಪ್ಯಾನೆಲ್ ಬಾಕ್ಸ್ ಒಳಗೆ ಇದ್ದರೆ ಹೊರಗೆ ತೆಗೆಸಿ ಎತ್ತರಕ್ಕೆ ಕಟ್ಟಿಸಿ. ತಗಡು ತರಂಗವನ್ನ ತಡೆಯುತ್ತೆ. ಎರಡು, ನಿಮ್ಮ ಮನೆಯವರ ನಂಬರಿಗೆ ಮಾತ್ರ ಉತ್ತರಿಸೋ ಥರ ಸೆಟ್ ಮಾಡಿಸಿ. ಇಲ್ಲಾಂದರೆ ಯಾವುದೋ ಜಾಹೀರಾತು ಕರೆಗೆ ಮೋಟರ್ ಆನ್ ಆಗಿ ರಾತ್ರಿಯೆಲ್ಲ ಓಡೀತು. ಮೂರು, ಕರೆಯಿಂದಲೇ ಓಡೋ ಸ್ಟಾರ್ಟರ್ ಸಿಮ್‌ಗೆ ದಿನಕ್ಕೆ ಇಷ್ಟು ಜಿಬಿ ಅನ್ನೋ ರೀಚಾರ್ಜ್ ಬೇಕಿಲ್ಲ. ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರೋ ರೀಚಾರ್ಜ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಅಂಥ ಪ್ಲಾನ್ ಕೇಳಿ ಹಾಕಿಸಿ. ಆ್ಯಪ್‌ನಿಂದ ನಡೆಯೋ ಸ್ಟಾರ್ಟರ್ ಆದರೆ ಡೇಟಾ ಬೇಕು, ಅದು ಬೇರೆ ಲೆಕ್ಕ.

ಕಂಪನಿಗಳಿಗೂ ಸರ್ಕಾರಕ್ಕೂ ಒಂದು ಮಾತು. 2ಜಿ ನಿಲ್ಲಿಸೋದಾದರೆ ಎರಡು ಮೂರು ವರ್ಷ ಮುಂಚೆ ದಿನಾಂಕ ಹೇಳಿ. ಸಬ್ಸಿಡಿಯಲ್ಲಿ ಕೊಡೋ ಯಾವುದೇ ಸಿಮ್ ಸಾಧನ 4ಜಿ ಇರಲೇಬೇಕು ಅಂತ ಷರತ್ತು ಹಾಕಿ. ಫೋನ್ ಬದಲಾಯಿಸೋ ಹಾಗೆ ಬೋರ್‌ವೆಲ್ ಸ್ಟಾರ್ಟರನ್ನ ಎರಡು ವರ್ಷಕ್ಕೊಮ್ಮೆ ಬದಲಾಯಿಸೋಕೆ ಆಗಲ್ಲ.

ಬೆಳೆ ಸಮೀಕ್ಷೆ: ಜಿಪಿಎಸ್ ಬೇರೆ, ನೆಟ್ ಬೇರೆ

2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯನ್ನ ಆ್ಯಪ್‌ನಲ್ಲಿ ದಾಖಲಿಸೋ ವ್ಯವಸ್ಥೆ ನಮ್ಮ ರಾಜ್ಯದಲ್ಲಿ ಇದೆ. ಈ ದಾಖಲೆಯೇ ಬೆಳೆ ವಿಮೆಗೆ, ಬರ ಮತ್ತು ನೆರೆ ಪರಿಹಾರಕ್ಕೆ, ಬೆಂಬಲ ಬೆಲೆ ಖರೀದಿಗೆ ಆಧಾರ. ವಿಮೆ ಕಟ್ಟಿದ್ದು ಈರುಳ್ಳಿಗೆ, ಸಮೀಕ್ಷೆಯಲ್ಲಿ ಇರೋದು ರಾಗಿ ಅಂತಾದರೆ ಹಣ ಬರೋದು ಕಷ್ಟ.

‘ನಮ್ಮ ಹೊಲದಲ್ಲಿ ನೆಟ್ ಬರಲ್ಲ, ಜಿಪಿಎಸ್ ಸಿಗಲ್ಲ, ಅದಕ್ಕೇ ಮಾಡ್ಲಿಲ್ಲ’ ಅಂತ ಬಹಳ ಜನ ಹೇಳ್ತಾರೆ. ಇಲ್ಲಿ ಎರಡು ಬೇರೆ ವಿಚಾರ ಕಲಸಿಹೋಗಿದೆ. ಜಿಪಿಎಸ್‌ಗೆ ಟವರ್ ಬೇಡ, ರೀಚಾರ್ಜೂ ಬೇಡ. ಆಕಾಶದಲ್ಲಿರೋ ಉಪಗ್ರಹಗಳ ಸಿಗ್ನಲನ್ನ ಫೋನ್ ಬರೀ ಕೇಳಿಸ್ಕೊಳ್ಳುತ್ತೆ, ತಾನೇನೂ ಕಳಿಸಲ್ಲ. ನೆಟ್ ಇದ್ದರೆ ಉಪಗ್ರಹ ಎಲ್ಲಿವೆ ಅನ್ನೋ ಮಾಹಿತಿ ಬೇಗ ಸಿಕ್ಕಿ ಜಾಗ ಬೇಗ ಗೊತ್ತಾಗುತ್ತೆ. ಇಲ್ಲದಿದ್ದರೆ ಬಯಲಲ್ಲಿ ಕೆಲವು ನಿಮಿಷ ನಿಂತು ಕಾಯಬೇಕು, ಅಷ್ಟೇ. ತೆಂಗಿನ, ಅಡಿಕೆಯ ದಟ್ಟ ನೆರಳಲ್ಲಿ ಜಾಗ ಕೆಲವು ಮೀಟರ್ ಆಚೀಚೆ ಆಗಬಹುದು. ಬದುವಿನ ಪಕ್ಕದಲ್ಲೇ ನಿಂತು ಫೋಟೋ ತೆಗೆದರೆ ನಿಮ್ಮ ಬೆಳೆ ಪಕ್ಕದ ಸರ್ವೆ ನಂಬರಿಗೆ ಹೋದೀತು. ಜಮೀನಿನ ನಡುವೆ, ಆಕಾಶ ಕಾಣೋ ಕಡೆ ನಿಂತ್ಕೊಳ್ಳಿ.

ಹಾಗಾಗಿ ಕೆಲಸವನ್ನ ಮೂರು ಭಾಗ ಮಾಡ್ಕೊಳ್ಳಿ. ಓಟಿಪಿ, ಸರ್ವೆ ನಂಬರ್ ವಿವರ ಇವೆಲ್ಲ ಮನೆಯಲ್ಲೋ ಪೇಟೆಯಲ್ಲೋ, ನೆಟ್ ಚೆನ್ನಾಗಿರೋ ಕಡೆ ಮುಗಿಸಿ. ಹೊಲಕ್ಕೆ ಹೋಗಿ ಜಾಗ ಮತ್ತು ಫೋಟೋ ತಗೊಳ್ಳಿ. ಅಪ್‌ಲೋಡ್ ಮಾಡೋಕೆ ಸಿಗ್ನಲ್ ಇರೋ ಜಾಗಕ್ಕೆ ಬನ್ನಿ, ಸಾಧ್ಯವಾದರೆ ಬೆಳಗ್ಗೆ ಬೇಗ, ಟವರ್ ಮೇಲೆ ಹೊರೆ ಕಮ್ಮಿ ಇರೋವಾಗ. ಅಪ್‌ಲೋಡ್ ಆಗಿದೆ ಅಂತ ಖಾತ್ರಿ ಆಗೋವರೆಗೂ ಆ್ಯಪ್ ಅಳಿಸಬೇಡಿ, ಅದರ ಡೇಟಾ ಕ್ಲಿಯರ್ ಮಾಡಬೇಡಿ. ಆಮೇಲೆ ಬೆಳೆ ದರ್ಶಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿಗೆ ಏನು ದಾಖಲಾಗಿದೆ ಅಂತ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು.

ಇಷ್ಟು ಹೇಳಿದ ಮಾತ್ರಕ್ಕೆ ಹೊಣೆಯೆಲ್ಲ ರೈತನದ್ದು ಅಂತಲ್ಲ. ಟವರ್ ಇಲ್ಲದ ಊರಿನವರಿಗೂ ಟವರ್ ಕೆಳಗಿರೋರಿಗೂ ಒಂದೇ ಕೊನೇ ದಿನಾಂಕ ಇಡೋದು ನ್ಯಾಯ ಅಲ್ಲ. ಭಾರತ್‌ನೆಟ್ ಫೈಬರ್ ಗ್ರಾಮ ಪಂಚಾಯ್ತಿವರೆಗೆ ಎಳೆಯೋಕೆ ಸರ್ಕಾರ ಇಷ್ಟು ವರ್ಷದಿಂದ ದುಡ್ಡು ಹಾಕ್ತಾ ಇದೆ. ಸಮೀಕ್ಷೆ ನಡೆಯೋ ವಾರಗಳಲ್ಲಾದರೂ ಪಂಚಾಯ್ತಿ ಕಟ್ಟೆಯಲ್ಲಿ ಎಲ್ಲರಿಗೂ ವೈಫೈ ತೆರೆದಿಡಲಿ. ಜೊತೆಗೆ, ಎಲ್ಲದಕ್ಕೂ ಆ್ಯಪ್ ಅನ್ನೋ ಹಠವನ್ನೂ ಬಿಡಲಿ. 1800-180-1551 ಕಿಸಾನ್ ಕಾಲ್ ಸೆಂಟರ್‌ಗೆ ಕೀಪ್ಯಾಡ್ ಫೋನ್‌ನಿಂದಲೂ ಕರೆ ಮಾಡಬಹುದು. ಮಾತು ಮತ್ತು ಎಸ್‌ಎಂಎಸ್ ದಾರಿ ಯಾವತ್ತೂ ತೆರೆದಿರಬೇಕು. ನಮ್ಮ ಅಪ್ಪಂದಿರು, ಅಮ್ಮಂದಿರು ಬಳಸೋದು ಅದನ್ನೇ.

ನೀವೇ ಅಳತೆ ಮಾಡಿ

ಇನ್ನು ಮೂರನೇ ಪ್ರಶ್ನೆ, ಯಾವ ಜಾಗದಲ್ಲಿ ಅನ್ನೋದು. ಇದಕ್ಕೆ ಯಾವ ಯಂತ್ರವೂ ಬೇಡ. ಆಂಡ್ರಾಯ್ಡ್ ಫೋನ್‌ನಲ್ಲಿ ಸೆಟ್ಟಿಂಗ್ಸ್, ಅದರಲ್ಲಿ ಅಬೌಟ್ ಫೋನ್, ಅದರಲ್ಲಿ ಸಿಮ್ ಸ್ಟೇಟಸ್ ಅಂತ ಹೋದರೆ ಸಿಗ್ನಲ್ ಸ್ಟ್ರೆಂತ್ ಅಂತ ಒಂದು ಅಂಕಿ ಇರುತ್ತೆ, ಮೈನಸ್ ಗುರುತಿನ ಜೊತೆ, ಡಿಬಿಎಂ ಲೆಕ್ಕದಲ್ಲಿ. ಕೆಲವು ಫೋನ್‌ಗಳಲ್ಲಿ ದಾರಿ ಸ್ವಲ್ಪ ಬೇರೆ ಇರಬಹುದು. 4ಜಿಯಲ್ಲಿ ಮೈನಸ್ 90ಕ್ಕಿಂತ ಮೇಲಿದ್ದರೆ, ಅಂದರೆ ಮೈನಸ್ 85, ಮೈನಸ್ 80 ಥರ, ಚೆನ್ನಾಗಿದೆ. ಮೈನಸ್ 90ರಿಂದ 105ರವರೆಗೆ ಪರವಾಗಿಲ್ಲ. ಮೈನಸ್ 110 ದಾಟಿದರೆ ಕಷ್ಟ. 10 ಕಮ್ಮಿ ಆದರೆ ಸಿಗ್ನಲ್ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳೀತು ಅಂತ ಅರ್ಥ. ಕಡ್ಡಿ ನೋಡಬೇಡಿ, ಈ ಅಂಕಿ ನೋಡಿ.

ಬೋರ್‌ವೆಲ್ ಹತ್ತಿರ, ತೋಟದ ನಡುವೆ, ಹೊಲದ ಎತ್ತರದ ಮೂಲೆ, ಕಣ, ಕೊಟ್ಟಿಗೆ ಹೀಗೆ ಐದು ಜಾಗದಲ್ಲಿ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಬರೆದಿಟ್ಕೊಳ್ಳಿ. ಸ್ನೇಹಿತರ ಬೇರೆ ಕಂಪನಿ ಸಿಮ್ ಇರೋ ಫೋನ್‌ಗಳಲ್ಲೂ ಇದೇ ಜಾಗಗಳಲ್ಲಿ ನೋಡಿ. ಸ್ಪೀಡ್ ನೋಡೋಕೆ ಟ್ರಾಯ್‌ನದ್ದೇ ಮೈಸ್ಪೀಡ್ ಆ್ಯಪ್ ಇದೆ. ಡೌನ್‌ಲೋಡ್ ಮಾತ್ರ ನೋಡಬೇಡಿ, ಅಪ್‌ಲೋಡ್ ನೋಡಿ. ಸ್ಟಾರ್ಟರ್‌ಗೆ ಯಾವ ಸಿಮ್, ಕೈಯಲ್ಲಿರೋ ಫೋನ್‌ಗೆ ಯಾವ ಸಿಮ್ ಅಂತ ಈ ಚೀಟಿಯೇ ಹೇಳುತ್ತೆ. ಮನೆಯಲ್ಲಿ ಚೆನ್ನಾಗಿ ಬರೋ ಸಿಮ್ಮೇ ಬೋರ್‌ವೆಲ್ ಹತ್ತಿರವೂ ಬರಬೇಕು ಅಂತೇನಿಲ್ಲ. ಕಂಪನಿ ಬದಲಾಯಿಸೋದಾದರೆ 1900ಕ್ಕೆ ಪೋರ್ಟ್ ಮೆಸೇಜ್ ಕಳಿಸಿ, ನಂಬರ್ ಅದೇ ಇರುತ್ತೆ.

ಸಿಗ್ನಲ್ ಇಲ್ಲ ಅಂತ ಆನ್‌ಲೈನಲ್ಲಿ ಸಿಗೋ ಬೂಸ್ಟರ್ ತಂದು ಹಾಕಬೇಡಿ. ಅನುಮತಿ ಇಲ್ಲದೆ ಅದನ್ನ ಹಾಕೋದು ಕಾನೂನಿಗೆ ವಿರುದ್ಧ. ಅದರ ಗದ್ದಲದಿಂದ ಸುತ್ತಲಿನವರ ಸಿಗ್ನಲ್ಲೂ ಹಾಳಾಗುತ್ತೆ. ಬದಲಿಗೆ ಹೊರಗಿನ ಆಂಟೆನಾ ಇರೋ 4ಜಿ ರೂಟರನ್ನ ಮನೆ ಮಾಡಿನ ಮೇಲೋ ಪಂಪ್‌ಹೌಸ್ ಮೇಲೋ ಎತ್ತರದಲ್ಲಿಟ್ಟು ಕೆಳಗೆ ವೈಫೈ ತಗೊಳ್ಳಬಹುದು. ಮನೆಗೆ ಫೈಬರ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡ್ಕೊಳ್ಳಿ, ಟವರ್ ಇಲ್ಲದಿದ್ದರೂ ಕರೆ ಹೋಗುತ್ತೆ.

ಮಣ್ಣಿನ ತೇವ ತಿಳಿಸೋ ಸೆನ್ಸರ್ ಮಾರೋರು ಬಂದರೂ ಇದೇ ಮೂರು ಪ್ರಶ್ನೆ ಕೇಳಿ. ಕೆಲವದರಲ್ಲಿ ಸಿಮ್ ಇರುತ್ತೆ. ಕೆಲವು ಲೋರಾ ಅನ್ನೋ ವಿಧಾನದಲ್ಲಿ ಓಡ್ತವೆ: ಪರವಾನಗಿ ಬೇಡದ 865 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ತೀರಾ ಕಮ್ಮಿ ಡೇಟಾವನ್ನ, ಸಣ್ಣ ಬ್ಯಾಟರಿಯಲ್ಲಿ, ಬಯಲಾದರೆ ಕಿಲೋಮೀಟರ್‌ಗಟ್ಟಲೆ ದೂರ ಕಳಿಸುತ್ತೆ. ತೇವ ಎಷ್ಟು ಅನ್ನೋ ಒಂದು ಅಂಕಿ ಕಳಿಸೋಕೆ ಅಷ್ಟು ಸಾಕು. ಆದರೆ ಅದರ ಗೇಟ್‌ವೇಗೆ ಎಲ್ಲೋ ಒಂದು ಕಡೆ ನೆಟ್ ಬೇಕೇ ಬೇಕು. ನೆಟ್ ಹೋದಾಗ ಅಂಕಿ ಅಂಶ ಸಾಧನದಲ್ಲೇ ಉಳಿಯುತ್ತಾ, ವರ್ಷದ ಚಂದಾ ಕಟ್ಟದಿದ್ದರೆ ಆ್ಯಪ್ ಬಂದ್ ಆಗುತ್ತಾ ಅಂತ ಕೇಳದೆ ಅಡ್ವಾನ್ಸ್ ಕೊಡಬೇಡಿ.

ಊರಾಗಿ ಕೇಳಿದರೆ ಬೆಲೆ

‘ಇದೆಲ್ಲ ಕಂಪನಿ ಕೈಲಿರೋದು, ನಾವು ತಿಳ್ಕೊಂಡು ಏನ್ ಮಾಡೋದು?’ ಅಂತ ಕೇಳೋರಿದ್ದಾರೆ. ಒಬ್ಬ ಹೋಗಿ ‘ನೆಟ್ ಬರಲ್ಲ’ ಅಂದರೆ ‘ಫೋನ್ ರೀಸ್ಟಾರ್ಟ್ ಮಾಡಿ’ ಅಂತಾರೆ, ನಿಜ. ಆದರೆ ಇಪ್ಪತ್ತು ಜನ ಸೇರಿ, ಸರ್ವೆ ನಂಬರ್ ಸಮೇತ, ಇಂಥ ಜಾಗದಲ್ಲಿ ಮೈನಸ್ 115, ಅಪ್‌ಲೋಡ್ ಇಷ್ಟು ಅಂತ ಪಟ್ಟಿ ಕೊಟ್ಟರೆ ಉತ್ತರ ಬೇರೆ ಕೊಡಬೇಕಾಗುತ್ತೆ. ಯಾವ ಕಡೆ 2ಜಿ, 4ಜಿ, 5ಜಿ ಇದೆ ಅಂತ ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ನಕ್ಷೆ ಹಾಕಲೇಬೇಕು ಅಂತ ಟ್ರಾಯ್‌ನ 2024ರ ಗುಣಮಟ್ಟದ ನಿಯಮ ಹೇಳುತ್ತೆ. ನಕ್ಷೆಯಲ್ಲಿ ಬಣ್ಣ ಬಳಿದಿದ್ದು, ನಿಮ್ಮ ಹೊಲದಲ್ಲಿ ಸಿಗ್ನಲ್ ಇಲ್ಲದಿದ್ದರೆ, ಆ ನಕ್ಷೆಯೇ ನಿಮ್ಮ ದೂರಿಗೆ ಸಾಕ್ಷಿ. ಮೊದಲು 198ಕ್ಕೆ ಕರೆ ಮಾಡಿ ದೂರಿನ ನಂಬರ್ ತಗೊಳ್ಳಿ, ಆಮೇಲೆ ಮೇಲಿನವರಿಗೆ ಬರೆಯಿರಿ.

ಕೇಳುವಾಗ ‘ನಮ್ಮೂರಿಗೆ 5ಜಿ ಕೊಡಿ’ ಅಂತ ಕೇಳಬೇಡಿ. ‘ಇರೋ ಟವರ್‌ಗೆ 700, 850 ಅಥವಾ 900ರ 4ಜಿ ಹಾಕಿ, ಕರೆಂಟ್ ಹೋದಾಗ ನಿಲ್ಲೋ ಬ್ಯಾಟರಿ ಕೊಡಿ’ ಅಂತ ಕೇಳಿ. ಇದು ಆಗದ ಮಾತೇನಲ್ಲ. ನೆಟ್ ಮುಟ್ಟದ 24,680 ಹಳ್ಳಿಗಳಿಗೆ 4ಜಿ ಕೊಡೋಕೆ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿದೆ. ಬಿಎಸ್‌ಎನ್‌ಎಲ್‌ನ 4ಜಿಗೆ ರೇಡಿಯೋ ಉಪಕರಣ ಮಾಡ್ತಿರೋದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ತಂತ್ರಜ್ಞಾನ ನಮ್ಮ ರಾಜ್ಯದಲ್ಲೇ ಇದೆ, ನಮ್ಮ ಹೊಲಕ್ಕೆ ಬರಬೇಕು, ಅಷ್ಟೇ.

ಮುಂದಿನ ಗ್ರಾಮ ಸಭೆಗೆ ಅಥವಾ ನಿಮ್ಮ ಸಹಕಾರ ಸಂಘದ ಸಭೆಗೆ ಇನ್ನೂ ದಿನ ಇರಬಹುದು. ಈ ವಾರ ಐದು ಜಾಗದ ಅಂಕಿ ಬರೆದಿಡಿ, ಸ್ಟಾರ್ಟರ್ ಡಬ್ಬಿ ತೆಗೆದು ಒಳಗಿರೋದು 2ಜಿಯೋ 4ಜಿಯೋ ನೋಡಿ. ಈ ಎರಡಕ್ಕೂ ಒಂದು ಪೈಸೆ ಖರ್ಚಿಲ್ಲ.